ಆರು ಸರ್ಕಾರಿ ಶಾಲೆಗಳಿಗೆ ಗ್ರಂಥಾಲಯ: ಸಿಎಸ್‌ಆರ್ ಅರ್ಜಿ ಎಲ್ಲಿ ಎಡವುತ್ತಿದೆ?

ಗಡಿಸೀಮೆ_ಟ್ರಸ್ಟ್
ಎಲ್ಲರಿಗೂ ನಮಸ್ಕಾರ. ಪಾವಗಡ ತಾಲ್ಲೂಕಿನ 6 ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯ ಮಾಡಲು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬೇಕು. ಒಟ್ಟು 660 ಮಕ್ಕಳು. ಟ್ರಸ್ಟ್ ನೋಂದಣಿಯಾಗಿ ಆರು ವರ್ಷ, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ನೋಂದಣಿ ಇವೆ. ಕೇಳುತ್ತಿರುವುದು 10 ಲಕ್ಷ: ಪುಸ್ತಕ 4 ಲಕ್ಷ, ಪೀಠೋಪಕರಣ 3 ಲಕ್ಷ, ಸಿಬ್ಬಂದಿ 2 ಲಕ್ಷ, ಇತರೆ 1 ಲಕ್ಷ. ಮೊದಲ ಪ್ಯಾರಾ ಹೀಗಿದೆ:

"ಶಿಕ್ಷಣವೇ ಶಕ್ತಿ. ನಮ್ಮ ತಾಲ್ಲೂಕು ಬರಪೀಡಿತ ಹಿಂದುಳಿದ ಪ್ರದೇಶವಾಗಿದ್ದು ಮಕ್ಕಳು ಓದಿನಿಂದ ವಂಚಿತರಾಗಿರುತ್ತಾರೆ. ತಾವು ಉದಾರ ಮನಸ್ಸಿನಿಂದ ಸಹಾಯಹಸ್ತ ಚಾಚಿದಲ್ಲಿ ಸಾವಿರಾರು ಮಕ್ಕಳ ಬಾಳು ಬೆಳಗುವುದು."

ಮೂರು ಕಂಪನಿಗಳಿಂದ ಉತ್ತರವಿಲ್ಲ, ಒಂದರಿಂದ 'ನಮ್ಮ ಆದ್ಯತೆಗೆ ಹೊಂದುವುದಿಲ್ಲ' ಎಂದು ಒಂದು ಸಾಲು. ತಪ್ಪು ಬರವಣಿಗೆಯಲ್ಲೋ, ಬಜೆಟ್ಟಿನಲ್ಲೋ, ಕಂಪನಿ ಆರಿಸುವುದರಲ್ಲೋ?

ಕಡತವಿಲೇವಾರಿ
ಮೂರರಲ್ಲೂ.

ತೆಂಕಣ_ಗಾಳಿ
660 ಮಕ್ಕಳು ಅಂತ ಮೇಲೆ ಬರೆದು ಪ್ಯಾರಾದಲ್ಲಿ "ಸಾವಿರಾರು ಮಕ್ಕಳು" ಅಂದ್ರೆ ಓದುವವರು ಅಲ್ಲೇ ನಿಲ್ಲಿಸ್ತಾರೆ ಮಾರಾಯ್ರೆ.

ಲೆಕ್ಕದಮ್ಮ
ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಿ. ನಿಮ್ಮ ಅರ್ಜಿ ಓದುವವರು ದಾನಿಯಲ್ಲ. ಹಣ ಎಲ್ಲಿ ಹೋಯಿತು ಎಂದು ತಮ್ಮ ನಿರ್ದೇಶಕ ಮಂಡಳಿಗೂ ಲೆಕ್ಕಪರಿಶೋಧಕರಿಗೂ ಉತ್ತರ ಹೇಳಬೇಕಾದ ಒಬ್ಬ ನೌಕರ. ಉದಾರ ಮನಸ್ಸು ತೋರಿಸುವ ಅಧಿಕಾರವೇ ಅವರಿಗಿಲ್ಲ. ಕಂಪನಿ ಕಾಯ್ದೆ 2013ರ 135ನೇ ಕಲಂ ಪ್ರಕಾರ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2% ಖರ್ಚಾಗಲೇಬೇಕು, ಅದೂ ಅದೇ ಕಾಯ್ದೆಯ 7ನೇ ಅನುಸೂಚಿಯಲ್ಲಿರುವ ಬಾಬ್ತುಗಳಿಗೇ. ಅವರಿಗೆ ಬೇಕಾಗಿರುವುದು ಕಡತದಲ್ಲಿ ನಿಲ್ಲುವ ಕಾಗದ.

ಹಾಗಾಗಿ ಮೊದಲ ಸಾಲಿನಲ್ಲೇ ಐದು ಸಂಗತಿ ಬರಲಿ: ಏನು, ಎಲ್ಲಿ, ಎಷ್ಟು ಮಕ್ಕಳಿಗೆ, ಎಷ್ಟು ತಿಂಗಳಲ್ಲಿ, ಎಷ್ಟು ರೂಪಾಯಿಗೆ. ಪಕ್ಕದಲ್ಲೇ "7ನೇ ಅನುಸೂಚಿ, ಬಾಬ್ತು 2, ಶಿಕ್ಷಣ" ಎಂದು ಬರೆದುಬಿಡಿ. ಅವರು ಹುಡುಕುವ ಕೆಲಸ ತಪ್ಪುತ್ತದೆ.

ಪುಸ್ತಕದಹುಳ
ಗ್ರಂಥಾಲಯ ಬಾಬ್ತು 5ರಲ್ಲಿ ಬರುತ್ತದಲ್ಲ ಮೇಡಂ? ಕಲೆ, ಪರಂಪರೆಯ ಜೊತೆ?

ಲೆಕ್ಕದಮ್ಮ
@ಪುಸ್ತಕದಹುಳ ಅಲ್ಲಿರುವುದು ಸಾರ್ವಜನಿಕ ಗ್ರಂಥಾಲಯ. ಊರಿಗೆಲ್ಲ ತೆರೆದಿದ್ದರೆ 5. ಶಾಲೆಯೊಳಗೆ, ಶಾಲೆಯ ಮಕ್ಕಳಿಗೆ ಅಂದರೆ 2. ಎರಡನ್ನೂ ಬರೆದು ಗೊಂದಲ ಮಾಡುವುದು ಬೇಡ.

ಹುಬ್ಬಳ್ಳಿ_ಮಂದಿ
ಬಜೆಟ್ ನೋಡಿದ್ರ ನಗು ಬರ್ತದ್ರೀ. ನಾಲ್ಕು, ಮೂರು, ಎರಡು, ಒಂದು. ದೀಪಾವಳಿ ಪಟಾಕಿ ಎಣಿಸಿದಂಗ ಐತಿ. "ಇತರೆ 1 ಲಕ್ಷ" ಅಂದ್ರ ಏನ್ರೀ ಅದು? ಹತ್ತನೇ ಒಂದು ಪಾಲು ರೊಕ್ಕ ಯಾವುದಕ್ಕ ಹೋಗ್ತದ ಅಂತ ನಿಮಗ ಗೊತ್ತಿಲ್ಲ ಅಂದಂಗಾತು.

ಗಡಿಸೀಮೆ_ಟ್ರಸ್ಟ್
ಒಪ್ಪಿದೆ ಸರ್. ಹಾಗಾದರೆ ಹೇಗೆ ಒಡೆದು ಬರೆಯಬೇಕು?

ಕಡತವಿಲೇವಾರಿ
ಕೆಳಗಿಂದ ಕಟ್ಟಿ. ಎಣಿಕೆ × ದರ × ತಿಂಗಳು. ದರಗಳನ್ನು ನಿಮ್ಮ ಕೊಟೇಶನ್ ಪ್ರಕಾರ ಬದಲಿಸಿಕೊಳ್ಳಿ, ಅಚ್ಚು ಮಾತ್ರ ಇದು:

ಪುಸ್ತಕ: ಶಾಲೆಗೆ 400 × 6 = 2,400 × ಸರಾಸರಿ ₹90 = 2,16,000
ಸ್ಟೀಲ್ ತೆರೆದ ಕಪಾಟು: ಶಾಲೆಗೆ 3 × 6 = 18 × ₹6,500 = 1,17,000, ಜಿಎಸ್‌ಟಿ 18% ಸೇರಿ 1,38,060
ಜಮಖಾನೆ: 12 × ₹1,200 = 14,400
ಗ್ರಂಥಾಲಯ ಕಾರ್ಯಕರ್ತರು: 2 × ₹16,000 × 12 = 3,84,000
ಅವರ ಓಡಾಟ: 2 × ₹2,500 × 12 = 60,000
ಶಿಕ್ಷಕರ ತರಬೇತಿ: 2 ಸಲ × ₹12,000 = 24,000
ಆರಂಭದ ಮತ್ತು ಕೊನೆಯ ಓದಿನ ಪರೀಕ್ಷೆ: 20,000
ಸಂಯೋಜಕರ ಸಮಯದ ಕಾಲುಭಾಗ: ₹24,000 × 25% × 12 = 72,000
ಲೆಕ್ಕ ಬರೆಯುವುದು, ಆಡಿಟ್: 25,000
ಕಚೇರಿ ಬಾಡಿಗೆ ಪಾಲು, ಫೋನ್, ಮುದ್ರಣ: 30,000
ಒಟ್ಟು 9,83,460

ಮಗುವಿಗೆ ₹1,490. ಈ ಒಂದು ಸಂಖ್ಯೆ ಇಲ್ಲದ ಅರ್ಜಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ, ಹೋಲಿಸಲಾಗದ್ದು ಬದಿಗೆ ಸರಿಯುತ್ತದೆ. ಮೊತ್ತವನ್ನು ದುಂಡಗೆ ಹತ್ತು ಲಕ್ಷ ಮಾಡಲು ಹೋಗಬೇಡಿ, 9,83,460 ಅಂತಲೇ ಬಿಡಿ. ಯಾರೋ ಕೂತು ಲೆಕ್ಕ ಹಾಕಿದ್ದಾರೆ ಅಂತ ಅದೇ ಹೇಳುತ್ತದೆ.

ಪುಸ್ತಕದಹುಳ
ಪುಸ್ತಕಕ್ಕೆ ಜಿಎಸ್‌ಟಿ ಹಾಕಿಲ್ಲ, ಮರೆತಿರಾ?

ಕಡತವಿಲೇವಾರಿ
ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೆಲವರು ಒಟ್ಟು ಮೊತ್ತದ ಮೇಲೆ 18% ಎಳೆದುಬಿಡುತ್ತಾರೆ, ಸಂಬಳದ ಮೇಲೂ! ಇನ್ನು ಕೆಲವರು ಕೊಟೇಶನ್ನಿನ ಮೂಲ ಬೆಲೆ ಮಾತ್ರ ಹಾಕಿ ತೆರಿಗೆ ಬಿಡುತ್ತಾರೆ. ಹಣ ಬಂದ ಮೇಲೆ 21,060 ರೂಪಾಯಿ ಎಲ್ಲಿಂದ ತರುವುದು ಎಂದು ಪರದಾಟ. ಟ್ರಸ್ಟಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯ ಹೊಂದಾಣಿಕೆ) ಸಿಗುವುದಿಲ್ಲ, ಕಟ್ಟಿದ ತೆರಿಗೆ ಖರ್ಚೇ.

ಬಯಲುಸೀಮೆ_ಹೈದ
₹16,000 ಬರೆಯುವ ಮುಂಚೆ ಕನಿಷ್ಠ ವೇತನದ ಅಧಿಸೂಚನೆ ತೆಗೆದು ನೋಡಿ ಅಣ್ಣ. ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತೆ. ಅದಕ್ಕಿಂತ ಕಡಿಮೆ ಬರೆದರೆ ಕಂಪನಿಯ ಕಾನೂನು ವಿಭಾಗದವರೇ ಗೆರೆ ಎಳೆಯುತ್ತಾರೆ.

ನಗರದವನು
ಸಂಬಳ, ಬಾಡಿಗೆ, ಆಡಿಟ್ ಎಲ್ಲ ಸೇರಿಸಿದರೆ ಅರ್ಜಿ ಬಿದ್ದಂತೆ. ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ 5% ಮೀರುವ ಹಾಗಿಲ್ಲ, ಕಾನೂನೇ ಇದೆ. ಸಿಬ್ಬಂದಿ ತೆಗೆದು ಕಪಾಟು, ಪುಸ್ತಕ ಮಾತ್ರ ಕೇಳಿ. ಕಂಪನಿಯವರಿಗೆ ಫೋಟೊ ತೆಗೆಯುವಂಥದ್ದು ಬೇಕು.

ಲೆಕ್ಕದಮ್ಮ
@ನಗರದವನು ಈ 5% ಮಾತು ಎಲ್ಲೆಲ್ಲೂ ತಪ್ಪಾಗಿಯೇ ಓಡಾಡುತ್ತಿದೆ. ಆ ಮಿತಿ ಇರುವುದು *ಕಂಪನಿಯ* ಆಡಳಿತ ವೆಚ್ಚಕ್ಕೆ, ಅಂದರೆ ಅವರ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ, ಅವರ ಒಟ್ಟು ಸಿಎಸ್‌ಆರ್ ಖರ್ಚಿನ ಲೆಕ್ಕದಲ್ಲಿ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆ ಮಾಡಲು, ಮೌಲ್ಯಮಾಪನ ಮಾಡಲು ನೇರವಾಗಿ ಆಗುವ ಖರ್ಚು ಆ ಐದರಲ್ಲಿ ಬರುವುದಿಲ್ಲ. ನಿಯಮದ ವ್ಯಾಖ್ಯಾನದಲ್ಲೇ ಇದೆ, 2021ರ ಜನವರಿ ತಿದ್ದುಪಡಿ ನೋಡಿ.

ಮೇಲಿನ ಬಜೆಟ್ಟಿನಲ್ಲಿ ಸಂಯೋಜಕರು, ಆಡಿಟ್, ಕಚೇರಿ ಸೇರಿ 1,27,000, ಸುಮಾರು 13%. ಕಂಪನಿ ತನ್ನದೇ ಒಳನೀತಿಯಲ್ಲಿ 10% ಅಂತ ಮಿತಿ ಹಾಕಿಕೊಂಡಿರಬಹುದು, ಅದು ಅವರಿಷ್ಟ, ಕಾನೂನಲ್ಲ. ಹಾಗಿದ್ದರೆ ಸಂಯೋಜಕರ ಕೆಲಸವನ್ನು ಬಿಡಿಸಿ ಬರೆಯಿರಿ: ತಿಂಗಳಿಗೊಮ್ಮೆ ಆರೂ ಶಾಲೆಗೆ ಭೇಟಿ, ರಿಜಿಸ್ಟರ್ ತಪಾಸಣೆ, ತ್ರೈಮಾಸಿಕ ವರದಿ. ಅದು ಆಗ ಮೇಲ್ವಿಚಾರಣೆ ಅನ್ನುವುದು ಕಾಣುತ್ತದೆ. "ಆಡಳಿತ ವೆಚ್ಚ" ಎಂಬ ಒಂದೇ ತಲೆಬರಹದಡಿ ಎಲ್ಲ ತುಂಬಿದರೆ ಕತ್ತರಿ ಗ್ಯಾರಂಟಿ.

ನಗರದವನು
ಸರಿ, ಕಾನೂನು ತಪ್ಪು ಹೇಳಿದೆ. ಆದರೂ ವಸ್ತು ಕೇಳುವುದು ಸುಲಭ ಅನ್ನುವ ಮಾತು ವಾಪಸ್ ತಗೊಳ್ಳಲ್ಲ.

ಪುಸ್ತಕದಹುಳ
ಕೇಳುವುದು ಸುಲಭ, ಬೀಗ ಹಾಕಿ ಇಡುವುದು ಇನ್ನೂ ಸುಲಭ. ಪುಸ್ತಕ ಕಳೆದರೆ ಮುಖ್ಯ ಶಿಕ್ಷಕರ ತಲೆಗೆ ಬರುತ್ತದೆ, ಆದ್ದರಿಂದ ಆಳಿಲ್ಲದ ಕಪಾಟಿಗೆ ಬೀಗ ಬೀಳುತ್ತದೆ. ಅದನ್ನೇ ಅರ್ಜಿಯಲ್ಲಿ ಎರಡು ಸಾಲು ಬರೆಯಿರಿ, ಸಿಬ್ಬಂದಿ ಯಾಕೆ ಬೇಕು ಎಂಬುದಕ್ಕೆ ಅದೇ ಕಾರಣ. ಇಬ್ಬರು ಕಾರ್ಯಕರ್ತರು, ಒಬ್ಬರಿಗೆ 3 ಶಾಲೆ, ಪ್ರತಿ ಶಾಲೆಗೆ ವಾರಕ್ಕೆ 2 ದಿನ. ಸೋಮವಾರದಿಂದ ಶನಿವಾರ ಸರಿಯಾಗಿ ತುಂಬುತ್ತದೆ. ಹಾಗೆಯೇ ಪುಸ್ತಕ ಕಳೆಯುವುದಕ್ಕೂ ಒಂದು ಲೆಕ್ಕ ಇಡಿ: ವರ್ಷಕ್ಕೆ 5% ಹರಿಯುವುದು, ಕಳೆಯುವುದು ಸಹಜ ಎಂದು ಮೊದಲೇ ಒಪ್ಪಿಕೊಂಡು ಶಾಲೆಗೆ ಲಿಖಿತವಾಗಿ ತಿಳಿಸಿ. ಬೀಗ ತಾನಾಗಿ ತೆರೆಯುತ್ತದೆ.

ಬೆಲೆ ಇಳಿಸಬೇಕಾದರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಮಕ್ಕಳ ಪುಸ್ತಕ ನೋಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಮುದ್ರಿಸಿಕೊಳ್ಳಬಹುದು.

ಗಡಿನಾಡ_ಮೇಷ್ಟ್ರು
ಪಾವಗಡ ಅಂದ ಮೇಲೆ ಒಂದು ವಿಷಯ ಬಿಟ್ಟೇ ಹೋಗಿದೆಯಲ್ಲ. ಅಲ್ಲಿ ಬಹಳಷ್ಟು ಮಕ್ಕಳ ಮನೆಮಾತು ತೆಲುಗು, ಶಾಲೆ ಕನ್ನಡ. "ಬರಪೀಡಿತ, ಹಿಂದುಳಿದ" ಅನ್ನುವುದು ಅರ್ಧ ಕರ್ನಾಟಕಕ್ಕೆ ಹೊಂದುತ್ತದೆ. "ಮನೆಯಲ್ಲಿ ತೆಲುಗು, ಪಠ್ಯದಲ್ಲಿ ಕನ್ನಡ, ಪಠ್ಯದಾಚೆ ಕನ್ನಡ ಓದಲು ಒಂದು ಪುಸ್ತಕವೂ ಮನೆಯಲ್ಲಿಲ್ಲ" ಅನ್ನುವುದು ನಿಮ್ಮ ಆರು ಶಾಲೆಗೇ ಹೊಂದುತ್ತದೆ. ಸಮಸ್ಯೆಯ ಪ್ಯಾರಾ ಅಲ್ಲಿಂದ ಶುರುವಾಗಲಿ. 400ರಲ್ಲಿ ಒಂದಷ್ಟು ದ್ವಿಭಾಷಾ ಪುಸ್ತಕ ಇರಲಿ.

ಇನ್ನೊಂದು: ಶಿಕ್ಷಣ ಇಲಾಖೆಯ ಅನುಮತಿ ಪತ್ರಕ್ಕೆ ತುಮಕೂರಿಗೆ ಅಲೆಯಬೇಡಿ. ಪಾವಗಡ ಇರುವುದು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ. ಕ್ಷೇತ್ರ ಶಿಕ್ಷಣಾಧಿಕಾರಿ ಪಾವಗಡದಲ್ಲಿ, ಉಪನಿರ್ದೇಶಕರು ಮಧುಗಿರಿಯಲ್ಲಿ.

ಕಡತವಿಲೇವಾರಿ
👆 ಮುಖ್ಯವಾದ ಮಾಹಿತಿ. ಅದರ ಜೊತೆ ಆರೂ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಬೇಕು, ದಿನಾಂಕ ಮತ್ತು ಸಹಿ ಸಮೇತ. ಠರಾವಿನಲ್ಲಿ ಮೂರು ವಾಕ್ಯ ಸಾಕು: ಕೋಣೆ ಅಥವಾ ಮೂಲೆ ಕೊಡುತ್ತೇವೆ, ವಾರಕ್ಕೆ ಇಷ್ಟು ಅವಧಿ ಕೊಡುತ್ತೇವೆ, ವರ್ಷದ ಕೊನೆಗೆ ವಸ್ತುಗಳನ್ನು ಶಾಲೆಯ ದಾಸ್ತಾನಿಗೆ ತೆಗೆದುಕೊಳ್ಳುತ್ತೇವೆ. ಮೂರನೆಯದು ಯಾಕೆಂದರೆ, ಸಿಎಸ್‌ಆರ್ ಹಣದಲ್ಲಿ ಆದ ಬಂಡವಾಳ ಆಸ್ತಿ ಯಾರ ಹೆಸರಿನಲ್ಲಿ ಇರಬೇಕು ಅಂತ ನಿಯಮವಿದೆ: ಸಿಎಸ್‌ಆರ್ ನೋಂದಣಿ ಸಂಖ್ಯೆ ಇರುವ ಟ್ರಸ್ಟ್/ಸಂಘ, ಫಲಾನುಭವಿಗಳ ಗುಂಪು, ಇಲ್ಲವೇ ಸಾರ್ವಜನಿಕ ಪ್ರಾಧಿಕಾರ. ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಪಾಟು ಕೊನೆಗೆ ಯಾರದ್ದು ಎಂದು ಅರ್ಜಿಯಲ್ಲೇ ಇದ್ದರೆ ಅವರಿಗೆ ನಿರಾಳ.

ಶಾಲೆಗಳ ಪಟ್ಟಿಯಲ್ಲಿ ಹೆಸರಿನ ಪಕ್ಕ ಯು-ಡೈಸ್ ಸಂಖ್ಯೆ (ಶಾಲೆಯ ಸರ್ಕಾರಿ ಗುರುತು ಸಂಖ್ಯೆ) ಹಾಕಿ. 11 ಅಂಕಿ, ಕರ್ನಾಟಕದ್ದು 29ರಿಂದ ಶುರು. ಒಂದೇ ಹೆಸರಿನ ಎರಡು ಹಳ್ಳಿ ಇದ್ದರೂ ಗೊಂದಲ ಬರುವುದಿಲ್ಲ.

ಬಯಲುಸೀಮೆ_ಹೈದ
ಅದೇ ಊರಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇದ್ರೆ? "ಗ್ರಂಥಾಲಯ ಇದೆಯಲ್ಲ, ಇನ್ನೊಂದ್ಯಾಕೆ" ಅಂತ ಕೇಳೇ ಕೇಳ್ತಾರೆ.

ಗಡಿನಾಡ_ಮೇಷ್ಟ್ರು
ಕೇಳುವ ಮುಂಚೆ ಬರೆದುಬಿಡುವುದು. ಯಾವ ಊರಲ್ಲಿ ಇದೆ, ಶಾಲೆಯಿಂದ ಎಷ್ಟು ದೂರ, ಯಾವ ಹೊತ್ತಿಗೆ ತೆರೆದಿರುತ್ತದೆ, ಮಕ್ಕಳ ಪುಸ್ತಕ ಎಷ್ಟಿವೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ಬಂದ ಗ್ರಂಥಾಲಯ ಅನುದಾನದ ಪುಸ್ತಕಗಳೂ ಅಷ್ಟೇ, ಎಣಿಸಿ ಬರೆಯಿರಿ. ಇರುವುದನ್ನು ಮುಚ್ಚಿಟ್ಟು "ಏನೂ ಇಲ್ಲ" ಎಂದರೆ, ಸ್ಥಳಕ್ಕೆ ಬಂದ ದಿನ ಅರ್ಜಿಯೂ ಹೋಯಿತು, ಮರ್ಯಾದೆಯೂ ಹೋಯಿತು.

ತೆಂಕಣ_ಗಾಳಿ
ಫಲಿತಾಂಶ ಅಂತ ಏನು ಬರೀಬೇಕು? "ಓದುವ ಹವ್ಯಾಸ ಬೆಳೆಯುತ್ತದೆ" ಅಂತ ಬರೆದ್ರೆ ಅಳೆಯೋದು ಹೇಗೆ?

ಪುಸ್ತಕದಹುಳ
ಎರಡು ಅಳತೆ ಸಾಕು, ಹತ್ತು ಬೇಡ.

ಒಂದು, ಪುಸ್ತಕ ಕೊಂಡೊಯ್ಯುವ ರಿಜಿಸ್ಟರ್. ತಿಂಗಳಿಗೆ ಮಗುವಿಗೆ ಸರಾಸರಿ ಎಷ್ಟು ಪುಸ್ತಕ? ಗುರಿ 2 ಅಂತ ಇಟ್ಟುಕೊಂಡರೆ 660 ಮಕ್ಕಳಿಗೆ ತಿಂಗಳಿಗೆ 1,320 ನಮೂದು. ಇಬ್ಬರು ಕಾರ್ಯಕರ್ತರು ಬರೆಯಬಲ್ಲರೇ? ತಿಂಗಳಿಗೆ 24 ಕೆಲಸದ ದಿನ ಹಿಡಿದರೆ ಒಬ್ಬರಿಗೆ ದಿನಕ್ಕೆ 27-28. ಆಗುತ್ತದೆ. ಗುರಿ ಇಡುವ ಮುಂಚೆ ಈ ಭಾಗಾಕಾರ ಮಾಡಿ ನೋಡುವುದು ಒಳ್ಳೆಯದು.

ಎರಡು, ಓದಿನ ಮಟ್ಟ. ಗ್ರಾಮೀಣ ಮಕ್ಕಳ ಕಲಿಕೆ ಅಳೆಯುವ 'ಅಸರ್' ಸಮೀಕ್ಷೆಯ ಓದಿನ ಸಾಧನ ಕನ್ನಡದಲ್ಲಿದೆ: ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ಒಂದು ಮಗುವಿಗೆ ಕೆಲವೇ ನಿಮಿಷ. 4 ಮತ್ತು 5ನೇ ತರಗತಿಯ ಮಕ್ಕಳಿಗೆ ಯೋಜನೆ ಶುರುವಾಗುವ ಮುಂಚೆ ಒಮ್ಮೆ, 11ನೇ ತಿಂಗಳಲ್ಲಿ ಒಮ್ಮೆ. ಸಾಧ್ಯವಾದರೆ ಮೊದಲ ಪರೀಕ್ಷೆಯನ್ನು ಹಣ ಬರುವ ಮುಂಚೆಯೇ, ಎರಡು ಶಾಲೆಯಲ್ಲಾದರೂ ಮಾಡಿ ಆ ಅಂಕಿಯನ್ನು ಅರ್ಜಿಯಲ್ಲಿ ಹಾಕಿ. ಅಂಕಿಯಿಲ್ಲದ ಹತ್ತು ಅರ್ಜಿಗಳ ನಡುವೆ ಎದ್ದು ಕಾಣುತ್ತದೆ.

ಪರೀಕ್ಷೆಯ ಅಂಕ ಹೆಚ್ಚುತ್ತದೆ, ಶಾಲೆ ಬಿಡುವುದು ನಿಲ್ಲುತ್ತದೆ ಅಂತೆಲ್ಲ ಭರವಸೆ ಕೊಡಬೇಡಿ. ವಾರಕ್ಕೆ ಎರಡು ದಿನದ ಗ್ರಂಥಾಲಯದಿಂದ ಅದನ್ನು ತೋರಿಸಲು ಆಗದು.

ಹುಬ್ಬಳ್ಳಿ_ಮಂದಿ
ಕಂಪನಿ ಆರಿಸೋದ್ರ ಬಗ್ಗೆ ಯಾರೂ ಹೇಳ್ಲೇ ಇಲ್ಲಲ್ರೀ. ಎಲ್ಲಾರೂ ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳಿಗೇ ಕಳಸ್ತಾರ.

ಕಡತವಿಲೇವಾರಿ
ಕಾಯ್ದೆಯಲ್ಲಿ, ಕಂಪನಿ ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದಿದೆ. ಪಾವಗಡದವರಿಗೆ ತಿರುಮಣಿ ಸೋಲಾರ್ ಪಾರ್ಕ್ ಪಕ್ಕದಲ್ಲೇ ಇದೆ, 2,050 ಮೆಗಾವ್ಯಾಟ್. ಅಲ್ಲಿ ಘಟಕ ಇಟ್ಟಿರುವ ಕಂಪನಿಗಳ ಪಟ್ಟಿ ಮಾಡಿ. ಘಟಕ ಬೇರೆ ಹೆಸರಿನಲ್ಲಿದ್ದು ಸಿಎಸ್‌ಆರ್ ನೋಡಿಕೊಳ್ಳುವುದು ಮಾತೃ ಕಂಪನಿಯಾಗಿರಬಹುದು, ಅದನ್ನೂ ಹುಡುಕಿ. ಶಾಲೆಗಳು ಪಾರ್ಕಿನಿಂದ ಎಷ್ಟು ಕಿಲೋಮೀಟರ್ ಎಂದು ಕೋಷ್ಟಕದಲ್ಲಿ ಒಂದು ಕಾಲಂ ಸೇರಿಸಿ.

ಕಂಪನಿಗೆ ಜಾಲತಾಣ ಇದ್ದರೆ ಅದರಲ್ಲಿ ಸಿಎಸ್‌ಆರ್ ನೀತಿ, ಸಮಿತಿ ಸದಸ್ಯರು, ಮಂಡಳಿ ಒಪ್ಪಿದ ಯೋಜನೆಗಳು ಇರಲೇಬೇಕು, ನಿಯಮ. ಕುಡಿಯುವ ನೀರು, ಆರೋಗ್ಯ ಎಂದಷ್ಟೇ ಇರುವ ಕಡೆ ಗ್ರಂಥಾಲಯ ಕಳಿಸಿದರೆ "ಆದ್ಯತೆಗೆ ಹೊಂದುವುದಿಲ್ಲ" ಎಂಬ ಉತ್ತರ ನ್ಯಾಯವೇ.

ಮೊತ್ತದ ಅಂದಾಜು ಕೂಡ ಬೇಕು. ಸರಾಸರಿ ಲಾಭ 5 ಕೋಟಿ ಇರುವ ಕಂಪನಿಯ ವರ್ಷದ ಸಿಎಸ್‌ಆರ್ 10 ಲಕ್ಷ. ಅವರ ಹತ್ತಿರ 9.83 ಲಕ್ಷ ಕೇಳಿದರೆ ಇಡೀ ತಟ್ಟೆ ಕೇಳಿದಂತೆ. 20 ಕೋಟಿಯವರದ್ದು 40 ಲಕ್ಷ, ಅಲ್ಲಿ ಕಾಲುಭಾಗ ಕೇಳಬಹುದು. ಇಂಥ ಮಧ್ಯಮ ಕಂಪನಿಗಳಲ್ಲಿ ಇನ್ನೊಂದು ಅನುಕೂಲ: ಕೊಡಬೇಕಾದ ಮೊತ್ತ 50 ಲಕ್ಷ ಮೀರದಿದ್ದರೆ ಸಿಎಸ್‌ಆರ್ ಸಮಿತಿಯೇ ಬೇಕಿಲ್ಲ, ಮಂಡಳಿಯೇ ನಿರ್ಧರಿಸುತ್ತದೆ. ಅಲ್ಲಿಗೆ 20 ಪುಟ ಬೇಡ, 2 ಪುಟದ ಪತ್ರ ಮತ್ತು ಬಜೆಟ್ ಸಾಕು.

ಬಯಲುಸೀಮೆ_ಹೈದ
ಯಾವ ತಿಂಗಳು ಕಳಿಸಬೇಕು? ಫೆಬ್ರವರಿ-ಮಾರ್ಚ್‌ನಲ್ಲಿ ಉಳಿದ ಹಣ ಸುರಿಯುತ್ತಾರೆ ಅಂತಾರೆ.

ಲೆಕ್ಕದಮ್ಮ
ಸುರಿಯುವುದು ಬೇಗ ಮುಗಿಯುವ ಖರೀದಿಗೆ. 'ನಡೆಯುತ್ತಿರುವ ಯೋಜನೆ' ಎಂದು ಮಂಡಳಿ ಘೋಷಿಸದಿದ್ದರೆ ಆ ವರ್ಷದ ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕು, ಉಳಿದದ್ದು ಆರು ತಿಂಗಳೊಳಗೆ 7ನೇ ಅನುಸೂಚಿಯ ನಿಧಿಗೆ ಹೋಗಬೇಕು. ಅಂದರೆ ಜನವರಿಯಲ್ಲಿ 12 ತಿಂಗಳ ಸಂಬಳ ಕೇಳಿದರೆ ಅವರಿಗೆ ಅದು ತಲೆನೋವು. ಮಂಡಳಿ ವಾರ್ಷಿಕ ಕ್ರಿಯಾಯೋಜನೆ ಒಪ್ಪುವ ಹೊತ್ತಿಗೆ, ಅಂದರೆ ಹಣಕಾಸು ವರ್ಷ ಶುರುವಾಗುವ ಆಸುಪಾಸಿನಲ್ಲಿ ಅರ್ಜಿ ಅಲ್ಲಿರಬೇಕು. ಶಾಲೆ ಜೂನ್‌ನಲ್ಲಿ ರಂಗೇರುವುದರಿಂದ ನಿಮಗೂ ಅದೇ ಸರಿ. ಬಹುವರ್ಷ ಬೇಕಾದರೆ ಶುರುವಾದ ವರ್ಷ ಬಿಟ್ಟು ಮೂರು ವರ್ಷದವರೆಗೆ ಅವಕಾಶ ಇದೆ.

ಮತ್ತೆ @ಗಡಿಸೀಮೆ_ಟ್ರಸ್ಟ್, ನೀವು 12ಎ, 80ಜಿ ಹೇಳಿದಿರಿ. ಸಿಎಸ್‌ಆರ್-1 ನೋಂದಣಿ ಎಲ್ಲಿ?

ಗಡಿಸೀಮೆ_ಟ್ರಸ್ಟ್
ಅದು ಕಂಪನಿಯವರು ಮಾಡಿಸುವುದು ಅಂದುಕೊಂಡಿದ್ದೆವು...

ಕಡತವಿಲೇವಾರಿ
ಸಿಕ್ಕಿತು ನೋಡಿ ಕಳ್ಳ.

ಲೆಕ್ಕದಮ್ಮ
2021ರ ಏಪ್ರಿಲ್ 1ರಿಂದ ಸಿಎಸ್‌ಆರ್ ಹಣ ಪಡೆದು ಯೋಜನೆ ನಡೆಸುವ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ತಾನೇ ಸಿಎಸ್‌ಆರ್-1 ಸಲ್ಲಿಸಿ ನೋಂದಣಿ ಸಂಖ್ಯೆ ಪಡೆಯಬೇಕು. ಡಿಜಿಟಲ್ ಸಹಿ ಬೇಕು, ವೃತ್ತಿನಿರತ ಸಿಎ, ಸಿಎಸ್ (ಕಂಪನಿ ಕಾರ್ಯದರ್ಶಿ) ಅಥವಾ ಕಾಸ್ಟ್ ಅಕೌಂಟೆಂಟ್ ದೃಢೀಕರಿಸಬೇಕು. 12ಎ, 80ಜಿ ಎರಡೂ ಇರಬೇಕು, ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ಈ ಸಂಖ್ಯೆ ಇಲ್ಲದೆ ನಿಮಗೆ ಹಣ ಕೊಟ್ಟರೆ ಅದು ಅವರ ಲೆಕ್ಕದಲ್ಲಿ ಸಿಎಸ್‌ಆರ್ ಆಗುವುದೇ ಇಲ್ಲ. ಉತ್ತರ ಬರದ್ದಕ್ಕೆ ಇದೊಂದೇ ಸಾಕು.

12ಎ ಪ್ರಮಾಣಪತ್ರ ಯಾವ ವರ್ಷದ್ದು ಅಂತಲೂ ನೋಡಿ. 2021ರ ಬದಲಾವಣೆಯ ನಂತರ ಅದು ಕಾಯಂ ಅಲ್ಲ. ಆಗ ಐದು ವರ್ಷಕ್ಕೆ ಕೊಟ್ಟ ನೋಂದಣಿಗಳ ಅವಧಿ 2026ರ ಮಾರ್ಚ್ 31ರವರೆಗೆ, ನವೀಕರಣದ ಅರ್ಜಿ ಆರು ತಿಂಗಳು ಮೊದಲೇ ಹೋಗಬೇಕಿತ್ತು. ಹಳೆಯ ಕಾಲದ ಪ್ರಮಾಣಪತ್ರವನ್ನೇ ಇವತ್ತಿಗೂ ಸ್ಕ್ಯಾನ್ ಮಾಡಿ ಕಳಿಸುವವರಿದ್ದಾರೆ.

ತೆಂಕಣ_ಗಾಳಿ
ಹೆಸರಿನ ಕತೆಯೂ ಉಂಟು. ಬೋರ್ಡಿನಲ್ಲಿ "(ರಿ.)", ಪ್ಯಾನ್‌ನಲ್ಲಿ ಅದಿಲ್ಲ, ಬ್ಯಾಂಕಿನಲ್ಲಿ ಮತ್ತೆ ಉಂಟು, ಸ್ವಯಂಸೇವಾ ಸಂಸ್ಥೆಗಳ ದರ್ಪಣ್ ಪೋರ್ಟಲ್‌ನಲ್ಲಿ ಟ್ರಸ್ಟ್ ಬದಲು ಫೌಂಡೇಶನ್. ನಾಲ್ಕು ಕಡೆ ನಾಲ್ಕು ಹೆಸರಿದ್ರೆ ನೀವು ನಾಲ್ಕು ಸಂಸ್ಥೆ. ಪ್ಯಾನ್‌ನಲ್ಲಿ ಇರುವುದೇ ಮೂಲ ಅಂತ ಇಟ್ಟುಕೊಂಡು ಉಳಿದದ್ದು ತಿದ್ದಿಸಿ. ವಿಳಾಸದಲ್ಲಿ ತುಮ್ಕೂರು/ತುಮಕೂರು ವ್ಯತ್ಯಾಸ 2014ರ ನವೆಂಬರ್ 1ರ ಹೆಸರು ಬದಲಾವಣೆಯಿಂದ, ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ, ಆದ್ರೆ ಪಿನ್‌ಕೋಡ್ ಒಂದೇ ಇರಲಿ.

ನಗರದವನು
ಒಬ್ಬ ಕನ್ಸಲ್ಟೆಂಟ್ 10% ಕೊಟ್ಟರೆ ಹಣ ಮಾಡಿಸಿಕೊಡ್ತೀನಿ ಅಂತ ಎಲ್ಲ ಗುಂಪಿನಲ್ಲೂ ಮೆಸೇಜ್ ಹಾಕ್ತಿದ್ದಾನೆ. ಇದಕ್ಕೆ ಅರ್ಥ ಇದೆಯಾ?

ಲೆಕ್ಕದಮ್ಮ
9,83,460ರಲ್ಲಿ 98,346 ಯಾವ ಬಾಬ್ತಿಗೆ ಬರೆಯುತ್ತೀರಿ? ಬಜೆಟ್ಟಿನಲ್ಲಿ ಆ ಸಾಲೇ ಇಲ್ಲ. ಬೇರೆ ಸಾಲಿನಲ್ಲಿ ಅಡಗಿಸಿದರೆ ಹಣ ಬಳಕೆ ಪ್ರಮಾಣಪತ್ರಕ್ಕೆ ಸಿಎ ಸಹಿ ಹಾಕುವಾಗ ಸಿಕ್ಕಿಬೀಳುತ್ತೀರಿ. ಆ ಪ್ರಮಾಣಪತ್ರಕ್ಕೆ ಯುಡಿಐಎನ್, ಅಂದರೆ ಅಂಕಿ-ಅಕ್ಷರ ಸೇರಿ 18 ಸ್ಥಾನದ ಗುರುತು ಸಂಖ್ಯೆ ಇರಬೇಕು, ಯಾರು ಬೇಕಾದರೂ ಪರಿಶೀಲಿಸಬಹುದು. ಬರೆದುಕೊಟ್ಟದ್ದಕ್ಕೆ ನಿಗದಿತ ಶುಲ್ಕ ನಿಮ್ಮ ಸ್ವಂತ ನಿಧಿಯಿಂದ ಕೊಡಿ, ಅದು ನ್ಯಾಯ. ಶೇಕಡಾವಾರು ಬೇಡ.

ಸಾಗರದಾಚೆ_ಕನ್ನಡಿಗ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಮೆರಿಕದಲ್ಲಿರುವ ನಾವು ಕೆಲವರು ಸೇರಿ ಇಂಥದ್ದಕ್ಕೆ ಕೊಡಬಹುದಾ? ಕನ್ನಡ ಕೂಟದ ಖಾತೆಯಿಂದ ಕಳಿಸಿದರೆ?

ಲೆಕ್ಕದಮ್ಮ
ಕೂಟದ ಖಾತೆಯಿಂದ ಬಂದರೆ ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕೇ ಬೇಕು. ವ್ಯಕ್ತಿಯಾಗಿ ಕೊಟ್ಟರೆ ಪಾಸ್‌ಪೋರ್ಟ್ ಯಾವುದು ಅನ್ನುವುದೇ ಪ್ರಶ್ನೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಸಾಮಾನ್ಯ ಬ್ಯಾಂಕ್ ಮಾರ್ಗದಲ್ಲಿ ಕೊಟ್ಟರೆ ವಿದೇಶಿ ದೇಣಿಗೆ ಅಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಪಾಸ್‌ಪೋರ್ಟಿನ ಪ್ರತಿ ಪಡೆದು ಕಡತದಲ್ಲಿ ಇಡಬೇಕು.

ಎಫ್‌ಸಿಆರ್‌ಎ ನೋಂದಣಿಗೆ ಮೂರು ವರ್ಷ ಹಳೆಯ ಸಂಸ್ಥೆ, ಮೂರು ವರ್ಷದಲ್ಲಿ 15 ಲಕ್ಷ ಮುಖ್ಯ ಕೆಲಸಕ್ಕೆ ಖರ್ಚು ಮಾಡಿರಬೇಕು. ಹಣ ಬರುವುದು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ, ಆಡಳಿತ ವೆಚ್ಚ 20% ಮಿತಿ (ಇಲ್ಲಿ ನಿಜಕ್ಕೂ ನಿಮ್ಮದೇ ಮಿತಿ), ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. "ನೋಂದಣಿ ಇರುವ ಇನ್ನೊಬ್ಬರ ಮೂಲಕ ತರಿಸಿಕೊಳ್ಳೋಣ" ಅನ್ನುವ ದಾರಿ 2020ರಲ್ಲೇ ಮುಚ್ಚಿತು.

ನಗರದವನು
ಹಾಗಾದರೆ ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಯ ಸಿಎಸ್‌ಆರ್ ಕೂಡ ವಿದೇಶಿ?

ಲೆಕ್ಕದಮ್ಮ
ಇಲ್ಲಿ ನೋಂದಾಯಿತ ಭಾರತೀಯ ಕಂಪನಿಯಾಗಿದ್ದು, ವಿದೇಶಿ ಬಂಡವಾಳ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಮಿತಿಯೊಳಗೆ ಇದ್ದರೆ ಅಲ್ಲ. 2016ರಲ್ಲಿ ಇದನ್ನು ತಿದ್ದಿದ್ದಾರೆ. ಹೊರದೇಶದ ಮಾತೃ ಕಂಪನಿ ನೇರ ಕಳಿಸಿದರೆ ಹೌದು.

ಪುಸ್ತಕದಹುಳ
ಅರ್ಜಿ ಕನ್ನಡದಲ್ಲಿ ಬರೆಯಬಹುದಾ ಅಂತ ಯಾರೂ ಕೇಳಲೇ ಇಲ್ಲ 🙂

ಹುಬ್ಬಳ್ಳಿ_ಮಂದಿ
ಬರೀರಿ, ಓದೋರ್ಯಾರು? ಕಂಪನಿಗೆ ಇಂಗ್ಲಿಷ್‌ನಾಗ ಹೋಗ್ಬೇಕು, ಬ್ಯಾರೆ ದಾರಿ ಇಲ್ಲ. ಇಲಾಖೆಗೆ ಕನ್ನಡದಾಗ.

ಗಡಿನಾಡ_ಮೇಷ್ಟ್ರು
ಎಲ್ಲ ಕಡೆ ಹಾಗಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲೂ ಅರ್ಜಿ ತೆಗೆದುಕೊಳ್ಳುತ್ತದೆ, ಅವರ 'ಕಲಿ-ಕಲಿಸು' ಇರುವುದೇ ಕರ್ನಾಟಕದ ಶಾಲೆಗಳ ಕಲಾಶಿಕ್ಷಣಕ್ಕೆ. ಗಡಿ ತಾಲ್ಲೂಕಿನ ಕನ್ನಡದ ಕೆಲಸಕ್ಕೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಅನುದಾನವನ್ನೂ ವಿಚಾರಿಸಿ. ಆದರೆ ಒಂದೇ ಕಪಾಟಿಗೆ ಎರಡು ಕಡೆ ಹಣ ಕೇಳಬೇಡಿ. ಯಾವ ಸಾಲು ಯಾರಿಂದ ಎಂದು ಬಜೆಟ್ಟಿನಲ್ಲಿ ಕಾಲಂ ಹಾಕಿ ತೋರಿಸಿ.

ತೆಂಕಣ_ಗಾಳಿ
ಕನ್ನಡದಲ್ಲಿ ಆನ್‌ಲೈನ್ ಅರ್ಜಿ ತುಂಬುವವರು ಅಕ್ಷರ ಮಿತಿ ನೋಡಿಕೊಳ್ಳಿ. "ಗ್ರಂಥಾಲಯ" ಕಣ್ಣಿಗೆ ನಾಲ್ಕಕ್ಷರ, ಯಂತ್ರಕ್ಕೆ ಎಂಟು: ಗ, ವಿರಾಮ, ರ, ಸೊನ್ನೆ, ಥ, ದೀರ್ಘ, ಲ, ಯ. 1,000 ಅಕ್ಷರ ಅಂದ್ರೆ 120 ಪದವೂ ಹಿಡಿಯುವುದು ಕಷ್ಟ. ಮತ್ತೆ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ್ರೆ ಅಲ್ಲಿ ಕಾಣುವುದು ಬರೀ ಕಾಗಕ್ಕ ಗುಬ್ಬಕ್ಕ. ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ.

ನಗರದವನು
ಎಐಗೆ ಹೇಳಿ ಇಂಗ್ಲಿಷ್‌ನಲ್ಲಿ ಬರೆಸಿಬಿಡಿ, ಐದು ನಿಮಿಷ.

ಪುಸ್ತಕದಹುಳ
ಬರೆಸಿ. ಆದರೆ ಮೇಲಿನ ಸಂಖ್ಯೆಗಳನ್ನು ನೀವೇ ಕೊಡದಿದ್ದರೆ ಅದೂ "ಶಿಕ್ಷಣವೇ ಶಕ್ತಿ"ಯನ್ನೇ ಚಂದದ ಇಂಗ್ಲಿಷ್‌ನಲ್ಲಿ ಹೇಳುತ್ತದೆ. ಜೊತೆಗೆ ಇಲ್ಲದ ಸಮೀಕ್ಷೆಯ ಶೇಕಡಾವಾರನ್ನೂ ಸೇರಿಸೀತು.

ಗಡಿಸೀಮೆ_ಟ್ರಸ್ಟ್
ಎಲ್ಲರಿಗೂ ಧನ್ಯವಾದ. ಸಿಎಸ್‌ಆರ್-1 ಸಲ್ಲಿಸಲು ಸಿಎ ಹತ್ತಿರ ಮಾತಾಡಿದ್ದೇವೆ. ಮೊದಲ ಪ್ಯಾರಾ ಮತ್ತೆ ಬರೆದಿದ್ದೇವೆ, ಖಾಲಿ ಜಾಗಗಳಿಗೆ ಪರೀಕ್ಷೆ ಮುಗಿದ ಮೇಲೆ ಅಂಕಿ ಬರುತ್ತದೆ:

"ಪಾವಗಡ ತಾಲ್ಲೂಕಿನ 6 ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ 660 ಮಕ್ಕಳಿಗೆ 12 ತಿಂಗಳ ಗ್ರಂಥಾಲಯ ಕಾರ್ಯಕ್ರಮ, ಕೋರಿಕೆ ₹9,83,460, ಮಗುವಿಗೆ ₹1,490 (7ನೇ ಅನುಸೂಚಿ, ಬಾಬ್ತು 2). ಈ ಶಾಲೆಗಳ ಬಹುಪಾಲು ಮಕ್ಕಳು ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. 4 ಮತ್ತು 5ನೇ ತರಗತಿಯ ___ ಮಕ್ಕಳಲ್ಲಿ ___ ಮಂದಿ ಮಾತ್ರ 2ನೇ ತರಗತಿ ಮಟ್ಟದ ಕಥೆ ಓದಬಲ್ಲರು. ಪ್ರತಿ ಶಾಲೆಗೆ 400 ಪುಸ್ತಕ, 4 ಕಪಾಟು ಮತ್ತು ವಾರಕ್ಕೆ 2 ದಿನ ಒಬ್ಬ ಕಾರ್ಯಕರ್ತರು. ವರ್ಷದ ಕೊನೆಗೆ ವಸ್ತುಗಳು ಶಾಲೆಯ ದಾಸ್ತಾನಿಗೆ ಸೇರುತ್ತವೆ. ಎಸ್‌ಡಿಎಂಸಿ ಠರಾವುಗಳು ಲಗತ್ತು."

ಕಡತವಿಲೇವಾರಿ
ಬಜೆಟ್ಟಿನಲ್ಲಿ ಶಾಲೆಗೆ 3, ಒಟ್ಟು 18 ಕಪಾಟು. ಇಲ್ಲಿ 4. ಯಾವುದು ಸರಿ?

ಗಡಿಸೀಮೆ_ಟ್ರಸ್ಟ್
3. ತಿದ್ದಿದೆ ಸರ್.

ಲೆಕ್ಕದಮ್ಮ
"ಬಹುಪಾಲು" ಕೂಡ ತೆಗೆಯಿರಿ. ಓದಿನ ಪರೀಕ್ಷೆ ಮಾಡುವಾಗಲೇ ಮನೆಮಾತು ಯಾವುದು ಎಂದು ಒಂದು ಕಾಲಂ ಸೇರಿಸಿ, ಎಣಿಸಿ ಬರೆಯಿರಿ.

ಹುಬ್ಬಳ್ಳಿ_ಮಂದಿ
ಕಡತಕ್ಕ "ಫೈನಲ್_ಫೈನಲ್_3" ಅಂತ ಹೆಸರಿಟ್ಟು ಕಳಿಸ್ಬ್ಯಾಡ್ರಿ ಮತ್ತ.